ಲಿನಕ್ಸ್‌ನಲ್ಲಿ ಆರ್‌ಪಿಜಿ ಕೈಕೊಟ್ಟಾಗ: ಸೇವ್ ಉಳಿಸಿಕೊಂಡು ದೋಷ ಹುಡುಕುವ ಬಗೆ

ಆರ್‌ಪಿಜಿಯಲ್ಲಿ, ಅಂದರೆ ಪಾತ್ರ ಬೆಳೆಸುತ್ತ ಕಥೆ ಆಡುವ ಆಟದಲ್ಲಿ, ಒಮ್ಮೆ ಕಳೆದರೆ ಮತ್ತೆ ಸಿಗದೇ ಇರುವುದು ಸೇವ್ ಫೈಲ್ ಒಂದೇ. ಆಟವನ್ನು ಮತ್ತೆ ಡೌನ್‌ಲೋಡ್ ಮಾಡಬಹುದು, ಡ್ರೈವರ್ ತೆಗೆದು ಮತ್ತೆ ಹಾಕಬಹುದು, ತೀರಾ ಬೇಕಾದರೆ ಲಿನಕ್ಸನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಬಹುದು. 90 ಗಂಟೆ ಕೂತು ಬೆಳೆಸಿದ ಪಾತ್ರ ಹೋದರೆ ಮಾತ್ರ ಹೋಯಿತು. ಹಾಗಾಗಿ ಆಟ ಹೇಗೇ ಕೆಟ್ಟಿರಲಿ, ಏನನ್ನಾದರೂ ಬದಲಿಸುವ ಮೊದಲು ಸೇವ್ ಕಾಪಿ ಮಾಡಿಕೊಳ್ಳಿ. ನನ್ನ 60 ಗಂಟೆಯ ಒಂದು ಸೇವ್ ಹೋಗಿದ್ದು ಆಟ ಸರಿಮಾಡಲು ಹೋಗಿ ಒಂದು ಫೋಲ್ಡರ್ ಅಳಿಸಿದಾಗ. ಆ ಫೋಲ್ಡರ್ ಎಲ್ಲಿದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವುದು ವೈನ್. 1993ರಲ್ಲಿ ಶುರುವಾದ ಯೋಜನೆ ಅದು. ಅದನ್ನೇ ತಳಪಾಯ ಮಾಡಿಕೊಂಡು, ಸ್ಟೀಮ್ ಅನ್ನುವ ಆಟದ ಅಂಗಡಿ ನಡೆಸುವ ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಬಿಡುಗಡೆ ಮಾಡಿತು. ಪ್ರೋಟಾನ್ ಪ್ರತಿ ಆಟಕ್ಕೂ ಒಂದೊಂದು ಪುಟ್ಟ ನಕಲಿ ಸಿ ಡ್ರೈವ್ ಕಟ್ಟಿಕೊಡುತ್ತದೆ, ಇದಕ್ಕೆ ಪ್ರಿಫಿಕ್ಸ್ ಅಂತ ಹೆಸರು. ಆಟ ಯಾವ ಸ್ಟೀಮ್ ಲೈಬ್ರರಿಯಲ್ಲಿ ಇದೆಯೋ ಅಲ್ಲಿನ ಸ್ಟೀಮ್‌ಆಪ್ಸ್ ಫೋಲ್ಡರ್ ತೆರೆದು, ಒಳಗೆ ಕಂಪ್ಯಾಟ್‌ಡೇಟಾ ಹುಡುಕಿ. ಕಾಣದಿದ್ದರೆ ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಕೀ ಒತ್ತಿ, ಅಡಗಿರುವ ಫೋಲ್ಡರ್‌ಗಳು ಕಾಣಿಸುತ್ತವೆ. ಕಂಪ್ಯಾಟ್‌ಡೇಟಾ ಒಳಗೆ ಬರೀ ಅಂಕಿಗಳ ಹೆಸರಿನ ಫೋಲ್ಡರ್‌ಗಳು ಇರುತ್ತವೆ. 292030 ಅಂದರೆ ವಿಚರ್ 3, 489830 ಅಂದರೆ ಸ್ಕೈರಿಮ್ ಸ್ಪೆಷಲ್ ಎಡಿಷನ್, 1086940 ಅಂದರೆ ಬಾಲ್ಡರ್ಸ್ ಗೇಟ್ 3. ನಿಮ್ಮ ಆಟದ ಅಂಕಿ ಸ್ಟೀಮ್ ಅಂಗಡಿಯ ಪುಟದ ವಿಳಾಸದಲ್ಲೇ ಇರುತ್ತದೆ. ಆ ಫೋಲ್ಡರ್ ಒಳಗೆ ಪಿಎಫ್‌ಎಕ್ಸ್, ಅದರೊಳಗೆ ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ ಸ್ಟೀಮ್‌ಯೂಸರ್. ಸೇವ್ ಇರುವುದು ಅಲ್ಲಿನ ಡಾಕ್ಯುಮೆಂಟ್ಸ್‌ನಲ್ಲಿ ಅಥವಾ ಆಪ್‌ಡೇಟಾದಲ್ಲಿ. ವಿಚರ್ 3 ಮತ್ತು ಸ್ಕೈರಿಮ್ ಡಾಕ್ಯುಮೆಂಟ್ಸ್ ಒಳಗೆ ಇಡುತ್ತವೆ, ಬಾಲ್ಡರ್ಸ್ ಗೇಟ್ 3 ಆಪ್‌ಡೇಟಾ ಒಳಗೆ. ಹುಡುಕುವುದು ಬೇಜಾರು ಅನಿಸಿದರೆ ಲುಡುಸಾವಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಅದೇ ಹುಡುಕಿ ಕಾಪಿ ಮಾಡಿಕೊಡುತ್ತದೆ.

“ಕಂಪ್ಯಾಟ್‌ಡೇಟಾ ಅಳಿಸಿ, ಸರಿಹೋಗುತ್ತೆ” ಅಂತ ಯಾರಾದರೂ ಹೇಳಿದರೆ ಅವರ ಮಾತು ನಿಜವೇ. ಪ್ರಿಫಿಕ್ಸ್ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಎಷ್ಟೋ ಸಲ ಆಟ ಓಡುತ್ತದೆ. ಆದರೆ ಆ ಆಟಕ್ಕೆ ಕ್ಲೌಡ್ ಸೇವ್ (ಸ್ಟೀಮ್ ಸರ್ವರ್‌ನಲ್ಲಿ ಉಳಿಯುವ ಕಾಪಿ) ಇಲ್ಲದಿದ್ದರೆ ನಿಮ್ಮ ಪಾತ್ರವೂ ಅದರ ಜೊತೆ ಹೋಗುತ್ತದೆ. ಅಳಿಸುವ ಬದಲು ಫೋಲ್ಡರ್‌ನ ಹೆಸರು ಬದಲಿಸಿ ಇಡಿ. ಕೆಲಸ ಅಷ್ಟೇ ಆಗುತ್ತದೆ, ಹಳೆಯದೂ ಉಳಿಯುತ್ತದೆ.

ಇನ್ನು ಎರಡು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆಟ ತೆರೆದು ನೋಡಿ, ಆಮೇಲೆ ಮುಂದಿನದು. ವೈನ್ ಅನ್ನಾಗಲಿ ಸ್ಟೀಮ್ ಅನ್ನಾಗಲಿ ಸುಡೋ ಹಾಕಿ, ಅಂದರೆ ರೂಟ್ ಎಂಬ ಅಡ್ಮಿನ್ ಅಧಿಕಾರದಲ್ಲಿ, ಓಡಿಸಬೇಡಿ. ಫೈಲ್‌ಗಳೆಲ್ಲ ರೂಟ್ ಹೆಸರಿಗೆ ಹೋಗಿ, ಆಮೇಲೆ ನಿಮಗೇ ಸೇವ್ ಬರೆಯಲು ಅನುಮತಿ ಇಲ್ಲದ ಹಾಗಾಗುತ್ತದೆ.

ಪ್ಲೇ ಒತ್ತಿದರೆ ಏನೂ ಆಗುತ್ತಿಲ್ಲ

ಹಸಿರು ಬಟನ್ ಒಂದೆರಡು ಕ್ಷಣ ನೀಲಿಯಾಗುತ್ತದೆ, ಮತ್ತೆ ಹಸಿರಾಗುತ್ತದೆ, ಅಷ್ಟೇ. ಎಲ್ಲಕ್ಕಿಂತ ಜಾಸ್ತಿ ಜನ ನೋಡುವ ಲಕ್ಷಣ ಇದು.

ಮೊದಲು ಸ್ಟೀಮ್ ಪೂರ್ತಿ ಮುಚ್ಚಿ ತೆರೆಯಿರಿ. ಆಮೇಲೆ ಆಟದ ಪ್ರಾಪರ್ಟೀಸ್‌ಗೆ ಹೋಗಿ ಫೈಲ್‌ಗಳನ್ನು ವೆರಿಫೈ ಮಾಡಿಸಿ. ಮೂರನೆಯದು ಪ್ರೋಟಾನ್ ಆವೃತ್ತಿ ಬದಲಿಸುವುದು. ಅದೇ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ವಿಭಾಗದಲ್ಲಿ ಪ್ರೋಟಾನ್ ಎಕ್ಸ್‌ಪೆರಿಮೆಂಟಲ್ ಆರಿಸಿ ನೋಡಿ, ಆಗಲಿಲ್ಲವೆಂದರೆ ಒಂದು ಹಳೆಯ ಆವೃತ್ತಿ. ಹೊಸದರಲ್ಲಿ ಓಡದೆ ಹಳೆಯದರಲ್ಲಿ ಓಡಿದರೆ ಅದೂ ಒಂದು ಸುಳಿವು, ಬರೆದಿಟ್ಟುಕೊಳ್ಳಿ. ಈ ಹೊತ್ತಿಗೆ ಪ್ರೋಟಾನ್‌ಡಿಬಿ ತಾಣದಲ್ಲಿ ಆಟದ ಹೆಸರು ಹುಡುಕುವುದು ಒಳ್ಳೆಯದು. ಅಲ್ಲಿನ ಪ್ಲಾಟಿನಂ, ಗೋಲ್ಡ್ ಪದಕಗಳನ್ನು ನಂಬಿ ಕೂರಬೇಡಿ, ನಿಮ್ಮದೇ ಬಗೆಯ ಗ್ರಾಫಿಕ್ಸ್ ಕಾರ್ಡ್ ಇರುವವರು ಇತ್ತೀಚೆಗೆ ಬರೆದಿದ್ದನ್ನು ಓದಿ.

ಕೆಲವು ಆಟಗಳಲ್ಲಿ ಆಟಕ್ಕೆ ಏನೂ ಆಗಿರುವುದಿಲ್ಲ, ಅದರ ಮುಂದೆ ಬರುವ ಲಾಂಚರ್ ಸತ್ತಿರುತ್ತದೆ. ವಿಚರ್ 3 ಮತ್ತು ಬಾಲ್ಡರ್ಸ್ ಗೇಟ್ 3 ಎರಡಕ್ಕೂ ಲಾಂಚರ್ ದಾಟಿ ನೇರ ಆಟಕ್ಕೆ ಹೋಗುವ ಲಾಂಚ್ ಆಪ್ಷನ್ (ಆಟದ ಪ್ರಾಪರ್ಟೀಸ್‌ನಲ್ಲಿರುವ ಖಾನೆಯಲ್ಲಿ ಬರೆಯುವ ಸೂಚನೆ) ಇದೆ. ಹಾಕಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಆಟ ವಿಂಡೋಸ್ ಪಾರ್ಟಿಷನ್‌ನಲ್ಲಿ ಇದೆಯಾ? ಡ್ಯುಯಲ್ ಬೂಟ್, ಅಂದರೆ ಒಂದೇ ಮೆಷಿನ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವವರು ಜಾಗ ಉಳಿಸಲು ಒಂದೇ ಲೈಬ್ರರಿಯನ್ನು ಎರಡೂ ಕಡೆ ಬಳಸುತ್ತಾರೆ. ಪ್ರಿಫಿಕ್ಸ್ ಒಳಗೆ ಹೆಸರಲ್ಲೇ ಕೋಲನ್ ಇರುವ ಲಿಂಕ್‌ಗಳು ಬೇಕು, ವಿಂಡೋಸ್‌ನ ಎನ್‌ಟಿಎಫ್‌ಎಸ್ ಬಗೆಯ ಪಾರ್ಟಿಷನ್ ಮೇಲೆ ಅದು ಎಷ್ಟೋ ಸಲ ಆಗುವುದಿಲ್ಲ. ಜೊತೆಗೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಆ ಪಾರ್ಟಿಷನ್ ಅರ್ಧ ಮುಚ್ಚಿದ ಸ್ಥಿತಿಯಲ್ಲಿ ಇರುತ್ತದೆ, ಲಿನಕ್ಸ್ ಅದನ್ನು ಓದಲಷ್ಟೇ ತೆರೆಯುತ್ತದೆ. ವಿಂಡೋಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಸರಿಯಾಗಿ ಶಟ್‌ಡೌನ್ ಮಾಡಿ ಬನ್ನಿ. ಲಿನಕ್ಸ್ ಕಡೆಯಿಂದ ಬಲವಂತವಾಗಿ ಹೈಬರ್ನೇಷನ್ ಫೈಲ್ ಕಿತ್ತುಹಾಕುವ ಸಲಹೆ ಕಂಡರೆ ಅದನ್ನು ಮಾಡಬೇಡಿ, ವಿಂಡೋಸ್‌ನಲ್ಲಿ ತೆರೆದಿಟ್ಟ ಕೆಲಸ ಹಾಳಾಗುತ್ತದೆ. ನನ್ನನ್ನು ಕೇಳಿದರೆ ಆಟವನ್ನು ಲಿನಕ್ಸ್‌ನದೇ ಪಾರ್ಟಿಷನ್‌ಗೆ ತರುವುದೇ ವಾಸಿ.

ಇಷ್ಟೂ ಆದ ಮೇಲೆ ಲಾಗ್ ನೋಡಬೇಕು. ಲಾಂಚ್ ಆಪ್ಷನ್ಸ್‌ನಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಪ್ರೋಟಾನ್, ಒಂದು ಅಂಡರ್‌ಸ್ಕೋರ್, ಲಾಗ್, ಸಮ ಚಿಹ್ನೆ, 1. ಒಂದು ಸ್ಪೇಸ್ ಬಿಟ್ಟು ಎರಡು ಶೇಕಡ ಚಿಹ್ನೆಗಳ ನಡುವೆ ಸಣ್ಣಕ್ಷರದಲ್ಲಿ ಕಮಾಂಡ್. ಈಗ ಆಟ ತೆರೆದರೆ ಹೋಮ್ ಫೋಲ್ಡರ್‌ನಲ್ಲಿ ಆಟದ ಅಂಕಿ ಇರುವ ಒಂದು ಲಾಗ್ ಫೈಲ್ ಹುಟ್ಟುತ್ತದೆ. ಸಾವಿರಾರು ಸಾಲು ಇರುತ್ತದೆ, ಗಾಬರಿಯಾಗಬೇಡಿ. ಫಿಕ್ಸ್‌ಮಿ ಅಂತ ಶುರುವಾಗುವ ಸಾಲುಗಳನ್ನು ಬಿಟ್ಟುಬಿಡಿ, ಚೆನ್ನಾಗಿ ಓಡುವ ಆಟದಲ್ಲೂ ಅವು ಇರುತ್ತವೆ. ಕೊನೆಯ ಐವತ್ತು ಸಾಲು ಓದಿ. ಯಾವುದೋ ಲೈಬ್ರರಿ ನಾಟ್ ಫೌಂಡ್ ಅಂದರೆ ಒಂದು ಡಿಎಲ್‌ಎಲ್ (ಆಟಕ್ಕೆ ಬೇಕಾದ ಕೋಡ್ ಇರುವ) ಫೈಲ್ ಸಿಗುತ್ತಿಲ್ಲ. ಇನ್‌ಕಂಪ್ಯಾಟಿಬಲ್ ಡ್ರೈವರ್ ಅಂದರೆ ಮುಂದಿನ ಭಾಗ ನಿಮಗೇ.

ಕಪ್ಪು ಪರದೆ, ಅಥವಾ ಸ್ಲೈಡ್ ಶೋ ಥರ ಓಡುತ್ತದೆ

ಆಟ ತೆರೆಯುತ್ತದೆ, ಮೆನುವಿನ ಹಾಡೂ ಕೇಳುತ್ತದೆ, ಚಿತ್ರ ಮಾತ್ರ ಸೆಕೆಂಡಿಗೆ ಎರಡೋ ಮೂರೋ ಫ್ರೇಮ್. ಹೀಗಾದರೆ ಗ್ರಾಫಿಕ್ಸ್ ಕಾರ್ಡ್ ಕೆಲಸವನ್ನೇ ಮಾಡುತ್ತಿಲ್ಲ, ಪ್ರೊಸೆಸರ್ ಒಂದೇ ಎಲ್ಲ ಚಿತ್ರ ಬಿಡಿಸುತ್ತಿದೆ ಅಂತ ಅನುಮಾನ ಪಡಬೇಕು.

ವಲ್ಕನ್ ಅಂದರೆ ಆಟ ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡುವ ಭಾಷೆ. ವಲ್ಕನ್ ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು ಟರ್ಮಿನಲ್‌ನಲ್ಲಿ ವಿಕೆಕ್ಯೂಬ್ ಓಡಿಸಿ. ಒಂದು ಘನ ಗಿರಗಿರ ತಿರುಗುತ್ತದೆ, ಟರ್ಮಿನಲ್‌ನಲ್ಲಿ ಯಾವ ಜಿಪಿಯು ಆರಿಸಿಕೊಂಡಿತು ಅಂತ ಹೆಸರು ಬರುತ್ತದೆ. ನಿಮ್ಮ ಕಾರ್ಡಿನ ಹೆಸರು ಬಂದರೆ ಸರಿ. ಎಲ್‌ಎಲ್‌ವಿಎಂಪೈಪ್ ಅಂತ ಬಂದರೆ ಡ್ರೈವರ್ ಕೂತಿಲ್ಲ, ಪ್ರೊಸೆಸರ್ ಮೇಲೆ ಭಾರ ಬಿದ್ದಿದೆ. ಲ್ಯಾಪ್‌ಟಾಪ್‌ನಲ್ಲಿ ಎರಡು ಕಾರ್ಡ್ ಇದ್ದು ಚಿಕ್ಕದರ ಹೆಸರು ಬಂದರೆ ಆಟವನ್ನು ದೊಡ್ಡ ಕಾರ್ಡ್ ಮೇಲೆ ಓಡಿಸಲು ಹೇಳಬೇಕು. ಎನ್‌ವಿಡಿಯಾ ಆದರೆ ಪ್ರೈಮ್ ರನ್, ಮೆಸಾ ಡ್ರೈವರ್ (ಎಎಂಡಿ, ಇಂಟೆಲ್ ಕಾರ್ಡ್‌ಗಳದು) ಆದರೆ ಡಿಆರ್‌ಐ ಪ್ರೈಮ್.

ನಿನ್ನೆವರೆಗೆ ಚೆನ್ನಾಗಿದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ, ಕಾರ್ಡ್ ಎನ್‌ವಿಡಿಯಾ ಆಗಿದ್ದರೆ, ಹೊಸ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಡ್ರೈವರ್ ಮಾಡ್ಯೂಲ್ ತಯಾರಾಗಿಲ್ಲ ಅಂತಲೇ ಮೊದಲು ಅಂದುಕೊಳ್ಳಿ. ಬೂಟ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಒಮ್ಮೆ ಹೋಗಿ ನೋಡಿ. ಅಲ್ಲಿ ಓಡಿದರೆ ರೋಗ ಸಿಕ್ಕಿತು. ಸೆಕ್ಯೂರ್ ಬೂಟ್ ಆನ್ ಇದ್ದು ಮಾಡ್ಯೂಲ್‌ಗೆ ಸಹಿ ಇಲ್ಲದಿದ್ದರೂ ಹೀಗೇ ಆಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಅದೇ ಮೆಷಿನ್‌ನಲ್ಲಿ ಬಿಟ್‌ಲಾಕರ್ ಹಾಕಿದ ವಿಂಡೋಸ್ ಇದ್ದರೆ, ರಿಕವರಿ ಕೀ ಕೈಯಲ್ಲಿ ಇಲ್ಲದೆ ಸೆಕ್ಯೂರ್ ಬೂಟ್ ಆಫ್ ಮಾಡಬೇಡಿ. ಮುಂದಿನ ಸಲ ವಿಂಡೋಸ್ ಆ ಕೀ ಕೇಳಬಹುದು, ಇಲ್ಲದಿದ್ದರೆ ಒಳಗಿನದೆಲ್ಲ ಕೈತಪ್ಪುತ್ತದೆ.

ಹೊಸ ಆಟಗಳು ಓಡುತ್ತವೆ, ಹತ್ತು ಹದಿನೈದು ವರ್ಷ ಹಳೆಯವು ಮಾತ್ರ ಓಡುವುದಿಲ್ಲ ಅಂತಿದ್ದರೆ 32 ಬಿಟ್ ಡ್ರೈವರ್ ಲೈಬ್ರರಿಗಳು ಇಲ್ಲ ಅಂತ ಅರ್ಥ. ಹಳೆಯ ಆರ್‌ಪಿಜಿಗಳಲ್ಲಿ ಬಹುಪಾಲು 32 ಬಿಟ್. ನಿಮ್ಮ ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆ) ಸಹಾಯ ಪುಟದಲ್ಲಿ ಆ ಪ್ಯಾಕೇಜ್ ಹೆಸರು ಇರುತ್ತದೆ, ಹಾಕಿದರೆ ಮುಗಿಯಿತು.

ಇನ್ನು ಕಾರ್ಡೇ ಹಳೆಯದಾದರೆ? ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಮಾತನ್ನು ವಲ್ಕನ್‌ಗೆ ತಿರುಗಿಸಿ ಹೇಳುವ ಡಿಎಕ್ಸ್‌ವಿಕೆ, 2022ರಲ್ಲಿ ಬಂದ 2.0 ಆವೃತ್ತಿಯಿಂದ ವಲ್ಕನ್ 1.3 ಕೇಳುತ್ತದೆ. ಅಷ್ಟು ಇಲ್ಲದ ಕಾರ್ಡ್‌ಗಳಿಗೆ ಪ್ರೋಟಾನ್ 7 ಆರಿಸಿ, ಅದರಲ್ಲಿ ಹಳೆಯ ಡಿಎಕ್ಸ್‌ವಿಕೆ ಇದೆ. ಎಷ್ಟೋ ಹಳೆಯ ಲ್ಯಾಪ್‌ಟಾಪ್‌ಗಳು ಇದರಿಂದಲೇ ಬದುಕಿಕೊಂಡಿವೆ. ಹೊಸ ಕಾರ್ಡ್ ಕೊಳ್ಳುವ ಮೊದಲು ಇದೊಂದನ್ನು ಖಂಡಿತ ನೋಡಿ.

ಓಡುತ್ತದೆ, ಆದರೆ ತಡವರಿಸುತ್ತದೆ

ಯಾವಾಗ ತಡವರಿಸುತ್ತದೆ ಅನ್ನುವುದರಲ್ಲೇ ಉತ್ತರ ಇದೆ. ಹೊಸ ಊರಿಗೆ ಕಾಲಿಟ್ಟಾಗ, ಹೊಸ ಮಂತ್ರ ಮೊದಲ ಸಲ ಹಾಕಿದಾಗ ತಡವರಿಸಿ, ಎರಡನೇ ಸಲ ಸರಾಗವಾಗಿದ್ದರೆ ಅದು ಶೇಡರ್ (ಬೆಳಕು, ಬಣ್ಣ ಬಿಡಿಸುವ ಪುಟ್ಟ ಪ್ರೋಗ್ರಾಂ) ತಯಾರಾಗುವ ಹೊತ್ತು. ಸ್ಟೀಮ್ ಆಟ ತೆರೆಯುವ ಮೊದಲು ವಲ್ಕನ್ ಶೇಡರ್ ತಯಾರಿಸುತ್ತಿದ್ದೇನೆ ಅಂತ ತೋರಿಸಿದಾಗ ಸ್ಕಿಪ್ ಒತ್ತದೆ ಬಿಡಿ. ಅರ್ಧ ಗಂಟೆ ಆಡಿದರೆ ತಾನಾಗಿ ಕಡಿಮೆಯಾಗುತ್ತದೆ.

ಜನ ತುಂಬಿದ ಸಂತೆಯಲ್ಲಿ ಪ್ರತಿ ಸಲವೂ ತಡವರಿಸಿದರೆ ಅದು ಪ್ರೊಸೆಸರ್ ಕೆಲಸ. ಮ್ಯಾಂಗೋಹಡ್ ಹಾಕಿಕೊಂಡರೆ ಪರದೆಯ ಮೂಲೆಯಲ್ಲಿ ಪ್ರೊಸೆಸರ್, ಜಿಪಿಯು, ಬಿಸಿ ಎಲ್ಲ ಕಾಣುತ್ತದೆ. ಜಿಪಿಯು ಅರ್ಧ ಖಾಲಿ ಇದ್ದೂ ಫ್ರೇಮ್ ಬೀಳುತ್ತಿದ್ದರೆ ಗ್ರಾಫಿಕ್ಸ್ ಗುಣಮಟ್ಟ ಇಳಿಸಿ ಪ್ರಯೋಜನವಿಲ್ಲ, ಊರಲ್ಲಿ ಓಡಾಡುವ ಜನರ ಸಂಖ್ಯೆ ಕಡಿಮೆ ಮಾಡುವ ಸೆಟ್ಟಿಂಗ್ ಹುಡುಕಿ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿದೆಯಾ, ಪವರ್ ಮೋಡ್ ಉಳಿತಾಯದಲ್ಲಿ ಇದೆಯಾ ಅಂತ ಅದಕ್ಕೂ ಮೊದಲು ನೋಡಿ.

ಕಥೆಯ ದೃಶ್ಯದ ಬದಲು ಬಣ್ಣದ ಪಟ್ಟೆಗಳು

ಹಳೆಯ ಟಿವಿಯಲ್ಲಿ ಕಾರ್ಯಕ್ರಮ ಇಲ್ಲದಾಗ ಬರುತ್ತಿದ್ದ ಹಾಗೆ ಉದ್ದುದ್ದ ಬಣ್ಣದ ಪಟ್ಟೆ. ಪ್ರೋಟಾನ್‌ಗೆ ಆ ವಿಡಿಯೋ ಬಿಚ್ಚುವ ಕೋಡೆಕ್ ಇಲ್ಲ, ಅದರ ಜಾಗದಲ್ಲಿ ಇದನ್ನು ತೋರಿಸುತ್ತದೆ. ಸ್ಟೀಮ್ ಸೆಟ್ಟಿಂಗ್ಸ್‌ನಲ್ಲಿ ಶೇಡರ್ ಪ್ರಿ ಕ್ಯಾಶಿಂಗ್ ಆನ್ ಮಾಡಿ, ಬದಲಿ ವಿಡಿಯೋಗಳು ಅದರ ಜೊತೆಗೇ ಬರುತ್ತವೆ. ಆಗಲೂ ಬಾರದಿದ್ದರೆ ಪ್ರೋಟಾನ್‌ಅಪ್ ಕ್ಯೂಟಿ ಬಳಸಿ ಜಿಇ ಪ್ರೋಟಾನ್ ಅನ್ನುವ, ವಾಲ್ವ್ ಹೊರಗಿನವರು ತಯಾರಿಸಿದ ಪ್ರೋಟಾನ್ ಹಾಕಿಕೊಳ್ಳಿ. ಕಥೆಯೇ ಜೀವವಾಗಿರುವ ಆಟದಲ್ಲಿ ದೃಶ್ಯ ಬಿಟ್ಟು ಮುಂದೆ ಹೋಗಬೇಡಿ, ಸರಿಮಾಡಿಕೊಂಡೇ ಆಡಿ.

ಮಾಡ್ ಹಾಕಿದ ಮೇಲೆ ಕೋಟೆ ನೇರಳೆ ಬಣ್ಣಕ್ಕೆ ತಿರುಗಿತು

ಮಾಡ್ ಅಂದರೆ ಆಟಗಾರರೇ ತಯಾರಿಸಿ ಆಟಕ್ಕೆ ಸೇರಿಸುವ ಬದಲಾವಣೆ. ಸ್ಕೈರಿಮ್‌ನಂಥ ಆಟಗಳಲ್ಲಿ ಗೋಡೆ, ಬಟ್ಟೆ ಎಲ್ಲ ಗಾಢ ನೇರಳೆಯಾದರೆ ಅದರ ಮೈಮೇಲಿನ ಚಿತ್ರ, ಅಂದರೆ ಟೆಕ್ಸ್‌ಚರ್, ಸಿಗುತ್ತಿಲ್ಲ. ವಸ್ತುವಿನ ಜಾಗದಲ್ಲಿ ಕೆಂಪು ಆಶ್ಚರ್ಯಸೂಚಕ ಚಿಹ್ನೆ ನಿಂತಿದ್ದರೆ ಅದರ ಆಕಾರದ ಫೈಲ್, ಅಂದರೆ ಮೆಶ್, ಸಿಗುತ್ತಿಲ್ಲ. ಬೇರೆ ಬೇರೆ ದೋಷ, ಮೂಲ ಎಷ್ಟೋ ಸಲ ಒಂದೇ.

ವಿಂಡೋಸ್‌ಗೆ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಲಿನಕ್ಸ್‌ಗೆ ಹಾಗಲ್ಲ. ಆಟದ ಡೇಟಾ ಫೋಲ್ಡರ್ ತೆರೆದು ನಿಧಾನವಾಗಿ ನೋಡಿ. ಟೆಕ್ಸ್‌ಚರ್ಸ್ ಅಂತ ಒಂದು ಫೋಲ್ಡರ್, ಮೊದಲಕ್ಷರ ದೊಡ್ಡದು. ಕೆಳಗೆ ಎಲ್ಲೋ ಅದೇ ಹೆಸರಿನ ಇನ್ನೊಂದು, ಎಲ್ಲ ಅಕ್ಷರ ಸಣ್ಣದು. ಕೈಯಾರೆ ಜಿಪ್ ಬಿಚ್ಚಿದಾಗ ಹುಟ್ಟಿದ ಅವಳಿ ಇದು. ವೈನ್ ಎರಡರಲ್ಲಿ ಒಂದನ್ನು ಹಿಡಿಯುತ್ತದೆ, ಇನ್ನೊಂದರ ಒಳಗಿನದು ಅದಕ್ಕೆ ಇಲ್ಲವೇ ಇಲ್ಲ. ಎರಡನ್ನೂ ಒಂದಕ್ಕೆ ಸೇರಿಸಿ, ಒಳಗಿನ ಫೋಲ್ಡರ್‌ಗಳಲ್ಲೂ ಇದೇ ಅವಳಿ ಇದೆಯಾ ನೋಡಿ, ಖಾಲಿಯಾದದ್ದನ್ನು ಅಳಿಸಿ. ನನಗೆ ಒಂದು ಇಡೀ ಸಂಜೆ ಹಿಡಿಯಿತು ಇದನ್ನು ಕಂಡುಹಿಡಿಯಲು, ಸರಿಮಾಡಲು ಹಿಡಿದದ್ದು ಎರಡು ನಿಮಿಷ.

ಮಾಡ್ ಹಾಕಿದ್ದೀರಿ, ಆಟವೂ ಓಡುತ್ತಿದೆ, ಮಾಡ್ ಮಾತ್ರ ಹಾಕಿಯೇ ಇಲ್ಲವೇನೋ ಅನ್ನುವಂತಿದೆ. ಆ ಮಾಡ್ ಡಿಎಲ್‌ಎಲ್ ರೂಪದಲ್ಲಿ ಇದ್ದರೆ ವೈನ್ ಅದನ್ನು ಬಿಟ್ಟು ತನ್ನದೇ ಡಿಎಲ್‌ಎಲ್ ಬಳಸುತ್ತಿದೆ. ಬಾಲ್ಡರ್ಸ್ ಗೇಟ್ 3ರ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ (ಬೇರೆ ಮಾಡ್‌ಗಳಿಗೆ ಬೇಕಾಗುವ ಸಹಾಯಕ ಮಾಡ್) ಹೀಗೆ ಡಿರೈಟ್ ಅನ್ನುವ ಹೆಸರಲ್ಲಿ ಬರುತ್ತದೆ. ಪ್ರೋಟಾನ್‌ಟ್ರಿಕ್ಸ್ ಹಾಕಿಕೊಂಡು ಆಟ ಆರಿಸಿ ವೈನ್ ಕಾನ್ಫಿಗರೇಷನ್ ತೆರೆಯಿರಿ, ಲೈಬ್ರರೀಸ್ ವಿಭಾಗದಲ್ಲಿ ಆ ಹೆಸರು ಸೇರಿಸಿ, ಮೊದಲು ನೇಟಿವ್ ಆಮೇಲೆ ಬಿಲ್ಟ್‌ಇನ್ ಅಂತ ಆರಿಸಿ.

ಆಟ ಅಪ್‌ಡೇಟ್ ಆದ ಮರುದಿನ ಸ್ಕೈರಿಮ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಜಗಳ ತೆಗೆದರೆ ಅದರಲ್ಲಿ ಲಿನಕ್ಸ್‌ನ ಪಾಲಿಲ್ಲ, ಎರಡರ ಆವೃತ್ತಿ ಹೊಂದುತ್ತಿಲ್ಲ ಅಷ್ಟೇ. ಮತ್ತೆ ಇನ್ನೊಂದು, ಅರ್ಧ ಕಥೆ ಆಡಿದ ಮೇಲೆ ಮಾಡ್‌ಗಳನ್ನು ಸುಮ್ನೆ ತೆಗೆಯಬೇಡಿ, ಸೇವ್ ಅವುಗಳನ್ನು ನೆಚ್ಚಿಕೊಂಡಿರುತ್ತದೆ. ತೆಗೆಯಲೇಬೇಕಾದರೆ ಕಾಪಿ ಮಾಡಿಟ್ಟು ತೆಗೆಯಿರಿ.

ಮಾತಿನ ಜಾಗದಲ್ಲಿ ಚೌಕ, ಪ್ರಶ್ನೆಚಿಹ್ನೆ

ಜಪಾನಿ ಆರ್‌ಪಿಜಿಗಳಲ್ಲಿ, ಅದರಲ್ಲೂ ಆರ್‌ಪಿಜಿ ಮೇಕರ್‌ನಲ್ಲಿ ಮಾಡಿದ ಪುಟ್ಟ ಆಟಗಳಲ್ಲಿ ಇದು ಮಾಮೂಲು. ಚೌಕ ಬಂದರೆ ಜಪಾನಿ ಫಾಂಟ್ ಇಲ್ಲ, ಹಾಕಿಕೊಳ್ಳಿ. ಅರ್ಥವಿಲ್ಲದ ಅಕ್ಷರಗಳ ಸಾಲು ಬಂದರೆ ಲೊಕೇಲ್ (ಸಿಸ್ಟಂನ ಭಾಷೆ ಸೆಟ್ಟಿಂಗ್) ತಪ್ಪು, ಸಿಸ್ಟಂನಲ್ಲಿ ಜಪಾನಿ ಲೊಕೇಲ್ ತಯಾರಿಸಿ ಆಟವನ್ನು ಅದರಲ್ಲಿ ತೆರೆಯಬೇಕು. ಆರ್‌ಪಿಜಿ ಮೇಕರ್ 2000 ಅಥವಾ 2003ರ ಆಟವಾದರೆ ವೈನ್ ಗೊಡವೆಯೇ ಬೇಡ, ಈಸಿಆರ್‌ಪಿಜಿ ಪ್ಲೇಯರ್ ನೇರವಾಗಿ ಓಡಿಸುತ್ತದೆ. ಹಾಗೆಯೇ 2002ರ ಮಾರೋವಿಂಡ್‌ಗೆ ಓಪನ್‌ಎಂಡಬ್ಲ್ಯು ಇದೆ, ಹಳೆಯ ಬಾಲ್ಡರ್ಸ್ ಗೇಟ್‌ಗೆ ಜೆಮ್‌ಆರ್‌ಬಿ ಇದೆ. ನಿಮ್ಮ ಹತ್ತಿರ ಇರುವ ಆಟದ ಫೈಲ್‌ಗಳನ್ನೇ ಬಳಸಿಕೊಂಡು, ಲಿನಕ್ಸ್‌ನಲ್ಲೂ ನೇರವಾಗಿ ಓಡುವ ಹಾಗೆ ಹೊಸದಾಗಿ ಬರೆದ ಎಂಜಿನ್‌ನಲ್ಲಿ ಓಡುತ್ತವೆ. ಯಾರೋ ವರ್ಷಗಟ್ಟಲೆ ಪ್ರೀತಿಯಿಂದ ಕಟ್ಟಿದ ಕೆಲಸ ಇವು.

ಸೇವ್ ಕಾಣಿಸುತ್ತಿಲ್ಲ

ಎದೆ ಧಸಕ್ ಅನ್ನುವ ಲಕ್ಷಣ ಇದು, ಅಲ್ವಾ? ತಕ್ಷಣ ಹೊಸ ಆಟ ಶುರು ಮಾಡಬೇಡಿ. ಇಂಟರ್‌ನೆಟ್ ತೆಗೆಯಿರಿ, ಆಮೇಲೆ ಆಟ ಮುಚ್ಚಿ, ಕ್ಲೌಡ್ ಇನ್ನೂ ಏನನ್ನೂ ಅಳಿಸದಿರಲಿ.

ಇತ್ತೀಚೆಗೆ ನೇಟಿವ್ ಲಿನಕ್ಸ್ ಆವೃತ್ತಿಯಿಂದ ಪ್ರೋಟಾನ್‌ಗೆ ಬದಲಿಸಿದ್ದೀರಾ? ನೇಟಿವ್ ಆಟ ಸೇವ್ ಇಡುವುದು ಹೋಮ್‌ನ ಅಡಗಿದ ಫೋಲ್ಡರ್‌ಗಳಲ್ಲಿ, ಪ್ರೋಟಾನ್ ಹುಡುಕುವುದು ಪ್ರಿಫಿಕ್ಸ್‌ನಲ್ಲಿ. ಎರಡಕ್ಕೂ ಪರಸ್ಪರ ಗೊತ್ತಿಲ್ಲ. ಸೇವ್ ಎಲ್ಲೂ ಹೋಗಿಲ್ಲ, ಹಳೆಯ ಮನೆಯಲ್ಲೇ ಇದೆ. ಎಷ್ಟೋ ಆಟಗಳಲ್ಲಿ ಸುಮ್ನೆ ಕಾಪಿ ಮಾಡಿ ಹೊಸ ಜಾಗಕ್ಕೆ ಹಾಕಿದರೆ ಸಾಕು.

ಡ್ಯುಯಲ್ ಬೂಟ್ ಇರುವವರಿಗೆ ಇನ್ನೊಂದು ಅಪಾಯ ಇದೆ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರವನ್ನು ಸ್ಥಳೀಯ ಸಮಯ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂದುಕೊಳ್ಳುತ್ತದೆ. ಅಲ್ಲಿಂದ ಇಲ್ಲಿಗೆ ಬಂದಾಗ ಸಮಯ ಹಲವು ಗಂಟೆ ಆಚೀಚೆ. ಸ್ಟೀಮ್ “ಕ್ಲೌಡ್‌ದು ಬೇಕಾ, ಈ ಮೆಷಿನ್‌ದು ಬೇಕಾ” ಅಂತ ಕೇಳಿದಾಗ ಹೊಸದು ಅಂತ ಕಾಣುವ ಸೇವ್ ನಿಜವಾಗಿ ಹಳೆಯದಿರಬಹುದು. ಈ ಪ್ರಶ್ನೆ ಬಂದ ಕೂಡಲೇ ಉತ್ತರ ಕೊಡದೆ, ಮೆಷಿನ್‌ನಲ್ಲಿ ಇರುವ ಸೇವ್ ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಆರಿಸಿ. ತಪ್ಪಿದರೂ ದಾರಿ ಇರುತ್ತದೆ.

ಒಂದು ಗಂಟೆ ಆಡಿದ ಮೇಲೆ ನಿಂತುಹೋಗುತ್ತದೆ

ಆಟ ಮಾತ್ರ ಮುಚ್ಚಿ ಡೆಸ್ಕ್‌ಟಾಪ್‌ಗೆ ಬಂದರೆ ಒಂದು ಅರ್ಥ, ಇಡೀ ಮೆಷಿನ್ ಹೆಪ್ಪುಗಟ್ಟಿದರೆ ಇನ್ನೊಂದು, ಫಟ್ ಅಂತ ಪವರ್ ಹೋದರೆ ಮತ್ತೊಂದು.

ಆಟ ಮಾತ್ರ ಮುಚ್ಚಿದರೆ ವಿಎಂ ಮ್ಯಾಕ್ಸ್ ಮ್ಯಾಪ್ ಕೌಂಟ್ ಅನ್ನುವ ಕರ್ನಲ್ ಮಿತಿ ನೋಡಿ. ಹಳೆಯ ಮಿತಿ 65530, ದೊಡ್ಡ ಆಟಗಳಿಗೆ ಸಾಲುವುದಿಲ್ಲ. ಫೆಡೋರಾ 39 ಮತ್ತು ಉಬುಂಟು 24.04ರಿಂದ ಅದು 1048576. ನಿಮ್ಮದು ಅದಕ್ಕಿಂತ ಹಳೆಯ ಡಿಸ್ಟ್ರೋ ಆದರೆ ಏರಿಸಿ. ಲಾಗ್‌ನಲ್ಲಿ ಡಿವೈಸ್ ಲಾಸ್ಟ್ ಅಂತ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಕುಸಿದಿದೆ, ಡ್ರೈವರ್ ಆವೃತ್ತಿ ಬದಲಿಸಿ ನೋಡಿ.

ಮೌಸ್ ಕೂಡ ಅಲುಗಾಡದೆ, ಡಿಸ್ಕ್ ದೀಪ ಮಾತ್ರ ಮಿನುಗುತ್ತಿದ್ದರೆ ರ‍್ಯಾಮ್ ತುಂಬಿದೆ. ಬ್ರೌಸರ್ ಮುಚ್ಚಿ ಆಡಿ, ಸ್ವಾಪ್ ಜಾಗ ಕೊಡಿ.

ಫಟ್ ಅಂತ ಪವರ್ ಹೋದರೆ ಸಾಫ್ಟ್‌ವೇರ್ ಹುಡುಕಾಟ ಅಲ್ಲಿಗೆ ನಿಲ್ಲಿಸಿ. ಬಿಸಿ ಅಥವಾ ಪವರ್ ಸಪ್ಲೈ. ಲ್ಯಾಪ್‌ಟಾಪ್ ಹಾಸಿಗೆ ಮೇಲಿಟ್ಟು ಆಡಬೇಡಿ, ಗಾಳಿ ಹೋಗುವ ಕಿಂಡಿಯ ಧೂಳು ತೆಗೆಯಿರಿ. ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಆ ಕ್ಷಣವೇ ಚಾರ್ಜರ್ ತೆಗೆದು ಮೆಷಿನ್ ಆಫ್ ಮಾಡಿ, ಒತ್ತಬೇಡಿ, ಚುಚ್ಚಬೇಡಿ, ರಿಪೇರಿಯವರಿಗೆ ಕೊಡಿ. ಪವರ್ ಸಪ್ಲೈ ಡಬ್ಬಿಯನ್ನು ನೀವಾಗಿ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದು ಕರ್ನಲ್ ಲಾಗ್‌ನಲ್ಲಿ ಎಕ್ಸ್‌ಐಡಿ 79 ಅಂತ ಕಂಡರೆ ಕಾರ್ಡ್ ಮದರ್‌ಬೋರ್ಡಿನ ಸಂಪರ್ಕವನ್ನೇ ಕಳೆದುಕೊಂಡಿದೆ. ಅದೂ ಬಹುಮಟ್ಟಿಗೆ ಹಾರ್ಡ್‌ವೇರ್ ಕಡೆಯದೇ.

ಕಂಟ್ರೋಲರ್, ಸದ್ದು

ಕಂಟ್ರೋಲರ್ ಗುರುತಿಸದಿದ್ದರೆ ಸ್ಟೀಮ್ ಡಿವೈಸಸ್ ಪ್ಯಾಕೇಜ್ ಹಾಕಿ. ಸ್ಟೀಮ್ ಅನ್ನು ಫ್ಲಾಟ್‌ಪ್ಯಾಕ್ ಆಗಿ, ಅಂದರೆ ಸಿಸ್ಟಂನಿಂದ ಬೇರೆಯಾಗಿ ಕಟ್ಟಿಟ್ಟ ಪ್ಯಾಕೇಜ್ ಆಗಿ, ಹಾಕಿದ್ದರೂ ಇದನ್ನು ಮುಖ್ಯ ಸಿಸ್ಟಂಗೇ ಹಾಕಬೇಕು. ಫ್ಲಾಟ್‌ಪ್ಯಾಕ್ ಸ್ಟೀಮ್‌ಗೆ ಎರಡನೇ ಡಿಸ್ಕ್ ಕಾಣದಿದ್ದರೆ ಫ್ಲಾಟ್‌ಸೀಲ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅನುಮತಿ ಕೊಡಿ. ಸದ್ದು ಚಟಚಟ ಅಂದರೆ ಲಾಂಚ್ ಆಪ್ಷನ್ಸ್‌ನಲ್ಲಿ ಪಲ್ಸ್ ಲೇಟೆನ್ಸಿ (ಸದ್ದು ಕಾಯುವ ಹೊತ್ತು) 60 ಮಿಲಿಸೆಕೆಂಡಿಗೆ ಏರಿಸಿ ನೋಡಿ, ಬಹಳಷ್ಟು ಸಲ ಅಷ್ಟಕ್ಕೇ ನಿಲ್ಲುತ್ತದೆ.

ಆನ್‌ಲೈನ್ ಆಟ ಹೊರಗೆ ದಬ್ಬುತ್ತದೆ

ಲಾಗಿನ್ ಆಗಿ ಒಂದು ನಿಮಿಷಕ್ಕೆ ಹೊರಗೆ ಹಾಕಿದರೆ ಅದು ಆಂಟಿ ಚೀಟ್, ಅಂದರೆ ಆಟದಲ್ಲಿ ಮೋಸ ಹಿಡಿಯುವ ಸಾಫ್ಟ್‌ವೇರ್. ಈಸಿ ಆಂಟಿ ಚೀಟ್, ಬ್ಯಾಟಲ್‌ಐ ಎರಡಕ್ಕೂ 2021ರಿಂದ ಪ್ರೋಟಾನ್ ಬೆಂಬಲ ಇದೆ, ಆದರೆ ಆಟ ಮಾಡಿದವರು ಅದನ್ನು ಆನ್ ಮಾಡಿರಬೇಕು. ಎಲ್ಡನ್ ರಿಂಗ್‌ನವರು ಮಾಡಿದ್ದಾರೆ, ಓಡುತ್ತದೆ. ಮಾಡದವರ ಆಟಕ್ಕೆ ನಿಮ್ಮ ಕಡೆಯಿಂದ ಮದ್ದಿಲ್ಲ. ದಾಟಿಸುವ ಉಪಾಯ ಹುಡುಕಲು ಹೋಗಬೇಡಿ, ಅಕೌಂಟೇ ಬ್ಯಾನ್ ಆಗಬಹುದು.

ಸಹಾಯ ಕೇಳುವಾಗ

ಡಿಸ್ಟ್ರೋ ಮತ್ತು ಆವೃತ್ತಿ, ಕಾರ್ಡ್ ಮತ್ತು ಡ್ರೈವರ್ ಆವೃತ್ತಿ, ಪ್ರೋಟಾನ್ ಆವೃತ್ತಿ, ಯಾವ ದಿನದವರೆಗೆ ಓಡುತ್ತಿತ್ತು, ಏನೇನು ಮಾಡಿ ನೋಡಿದಿರಿ. ಇಷ್ಟು ಬರೆದರೆ ಉತ್ತರ ಬೇಗ ಬರುತ್ತದೆ. ಡಿಸ್ಟ್ರೋ, ಕಾರ್ಡ್, ಡ್ರೈವರ್ ವಿವರ ಸ್ಟೀಮ್‌ನ ಹೆಲ್ಪ್ ಮೆನುವಿನ ಸಿಸ್ಟಂ ಇನ್ಫರ್ಮೇಷನ್‌ನಲ್ಲಿ, ಪ್ರೋಟಾನ್ ಆವೃತ್ತಿ ಲಾಗ್‌ನಲ್ಲಿ ಸಿಗುತ್ತದೆ. ಲಾಗ್ ಫೈಲ್ ಜೊತೆಗೆ ಹಾಕಿ, ಹಾಕುವ ಮೊದಲು ಅದರಲ್ಲಿ ನಿಮ್ಮ ಯೂಸರ್ ಹೆಸರು, ಫೋಲ್ಡರ್ ದಾರಿಗಳು ಇವೆಯಾ ನೋಡಿ ಅಳಿಸಿ. ಅವರು ಕೊಟ್ಟ ಕಮಾಂಡ್‌ನಲ್ಲಿ ಸುಡೋ ಇದ್ದು, ಅದು ಏನು ಮಾಡುತ್ತದೆ ಅಂತ ನಿಮಗೆ ಗೊತ್ತಾಗದಿದ್ದರೆ, ಒತ್ತುವ ಮೊದಲು ಅವರನ್ನೇ ಕೇಳಿ.